ಟಿಕೆಟ್ ಕೇಳಿದೆ, ಹನುಮಪ್ಪ ಬೇರೆಯದನ್ನೇ ಕೊಟ್ಟ

ಕೊಲ್ಲಿ ದೇಶದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷದ ಮಾತು. ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ನಮ್ಮ ಮನೆಯವರು ಊಟಕ್ಕೆ ಕೂತು ನೀರಿನ ಲೋಟಕ್ಕೆ ಕೈ ಚಾಚಿದರು, ಬರೀ ಗಾಳಿ ಹಿಡಿದರು. ಲೋಟ ಗೇಣು ದೂರದಲ್ಲಿ, ಎಡಕ್ಕಿತ್ತು. ನಾನು ನಕ್ಕೆ. ಅವರು ನಗಲಿಲ್ಲ. ಆಗ ನನಗೆ ಒಂದೊಂದೇ ನೆನಪಾಗತೊಡಗಿತು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡದ್ದು, ಪಕ್ಕದಿಂದ ಬಂದ ಸ್ಕೂಟರಿಗೆ ಬೆಚ್ಚಿಬಿದ್ದದ್ದು, ಸಂತೆಯಲ್ಲಿ ನನ್ನ ಕೈ ಹಿಡಿಯತೊಡಗಿದ್ದು. ಮೂವತ್ತು ವರ್ಷದಲ್ಲಿ ಎಂದೂ ಹಿಡಿಯದ ಕೈಯನ್ನು ಈಗ ಹಿಡಿಯುತ್ತಾರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಎಂಥ ಹುಚ್ಚಿ ನಾನು!

ಭಕ್ತ ಬಾಂಧವರೇ, ನನ್ನ ಹೆಸರು ಮಹಾದೇವಿ. ರಾಯಚೂರು ಕಡೆಯವಳು, ಮದುವೆಯಾಗಿ ಹೈದರಾಬಾದಿನ ಸನತ್‌ನಗರಕ್ಕೆ ಬಂದವಳು, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮನೆಯವರು ಚಂದ್ರಪ್ಪ, ಇಲ್ಲಿಯ ಪಂಪಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ವರ್ಷ ಗೋಲ್‌ಕೀಪರ್ ಆಗಿದ್ದರು. ನನಗೆ ದೇವರ ಮೇಲೆ ಭಕ್ತಿ ಎಷ್ಟಿದೆಯೋ ಕುತೂಹಲವೂ ಅಷ್ಟೇ ಇದೆ. ಆದ್ದರಿಂದ ಈ ಅನುಭವವನ್ನು ನನ್ನ ಪ್ರಶ್ನೆಗಳ ಸಮೇತವೇ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಲೋಟದ ಘಟನೆಯಾದ ಮೂರನೆಯ ದಿನ ಬೆನ್ನು ಹತ್ತಿ ಕೇಳಿದಾಗ ಅವರು ಬಾಯಿಬಿಟ್ಟರು. ಎರಡು ವರ್ಷದ ಹಿಂದೆಯೇ ಒಬ್ಬರೇ ಹೋಗಿ ಕಣ್ಣು ತೋರಿಸಿದ್ದರಂತೆ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನೋಟ ಅಂಚಿನಿಂದ ಒಳಕ್ಕೆ ಸವೆಯುವ ಕಾಯಿಲೆ. ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿನಲ್ಲಿ ನಡುವೆ ಮಾತ್ರ ಕಾಣುತ್ತಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ.

"ಮತ್ತ ದವಾಖಾನಿಗೆ ಯಾಕ ಹೋಗಲಿಲ್ರಿ?" ಎಂದೆ.

"ಹೋದ ನೋಟ ತಿರುಗಿ ಬರಂಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ಬರಂಗಿಲ್ಲ ಅಂದಮ್ಯಾಲ ಹೋಗಿ ಏನ್ ಮಾಡ್ಲಿ? ಯಾರಿಗೂ ಹೇಳಬ್ಯಾಡ ನೀ. ಖಾಜಾಗ ಸುದ್ದಾ ಹೇಳಬ್ಯಾಡ."

ಖಾಜಾ ಅದೇ ತಂಡದಲ್ಲಿ ಮುಂದೆ ನಿಂತು ಆಡುತ್ತಿದ್ದ ಗೆಳೆಯ. ಊರು ಲಿಂಗಸುಗೂರು. ಈಗ ನಮ್ಮ ಬೀದಿಯ ತುದಿಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾನೆ. ನಲವತ್ತು ವರ್ಷದ ದೋಸ್ತಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಏನನ್ನೂ ಮುಚ್ಚಿಟ್ಟವರಲ್ಲ. ಆದರೆ ಗೋಲ್‌ಕೀಪರ್‌ಗೆ ಕಣ್ಣಿಲ್ಲ ಎಂದು ಹೇಳುವುದು ಇವರಿಗೆ ಸಾವಿನಷ್ಟು ಕಷ್ಟವಾಗಿತ್ತು.

ಆ ದಿನವೇ ತಮ್ಮ ಆಸೆಯನ್ನೂ ಹೇಳಿದರು. ಪೂರಾ ಕತ್ತಲಾಗುವ ಮೊದಲು ವಿಶ್ವಕಪ್‌ನ ಒಂದು ಆಟವನ್ನು ಮೈದಾನದಲ್ಲಿ ಕೂತು ನೋಡಬೇಕು. ಪ್ರತಿ ಸಲ ಎಲ್ಲೋ ಭೂಮಿಯ ಆಚೆ ಬದಿಗೆ ನಡೆಯುವ ಪಂದ್ಯಾವಳಿ ಈ ಸಲ ಹೈದರಾಬಾದಿನಿಂದ ವಿಮಾನದಲ್ಲಿ ನಾಲ್ಕು ತಾಸಿನ ದಾರಿಯಲ್ಲಿ ನಡೆಯಲಿದೆ. ಖಾಜಾ ಆಗಲೇ ಇಬ್ಬರ ಹೆಸರಿನಲ್ಲೂ ಅರ್ಜಿ ಹಾಕಿ ಚೀಟಿ ಎತ್ತುವುದಕ್ಕೆ ಕಾಯುತ್ತಿದ್ದ.

ಕಾರ್ಖಾನೆಯ ಹಿಂದಿನ ಗೋಡೆಗೆ ಆತು ನಿಂತ ಚಿಕ್ಕ ಗುಡಿಯಲ್ಲಿ ನಮ್ಮ ಹನುಮಪ್ಪ ಇದ್ದಾನೆ. ಅಲ್ಲಿ ಪೂಜಾರಿ ಒದ್ದೆ ಹೂವುಗಳನ್ನು ದೇವರ ಮೈಗೆ ಅಂಟಿಸುತ್ತಾರೆ. ಭಕ್ತರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು. ಹೂವು ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಆ ಶನಿವಾರ ನಾನೂ ಕೂತೆ. ನನಗೆ ಮುಜುಗರ. ಮಕ್ಕಳಾಗಲಿ, ಕೋರ್ಟು ಕೇಸು ಗೆಲ್ಲಲಿ ಎಂದು ಕೇಳುವ ಜನರ ನಡುವೆ ಫುಟ್‌ಬಾಲ್ ಟಿಕೆಟ್ ಕೇಳುವುದು ಹೇಗೆ? ಹನುಮಪ್ಪನಿಗೆ ಫುಟ್‌ಬಾಲ್ ಗೊತ್ತೋ ಇಲ್ಲವೋ ಎಂಬ ಅನುಮಾನ ಬೇರೆ. ಕೊನೆಗೆ, "ಸಮುದ್ರ ಜಿಗಿದವ ನೀನು, ಇವರನ್ನು ಸಮುದ್ರದ ಆಚೆ ಮುಟ್ಟಿಸು, ಆಟ ಕಾಣಿಸು" ಎಂದು ಬೇಡಿದೆ. ತುಸು ಹೊತ್ತಿನಲ್ಲೇ ದಾಸವಾಳ ಬಲಕ್ಕೆ ಜಾರಿತು.

ಬಲಕ್ಕೆ ಹೂ ಕೊಟ್ಟ ದೇವರು ಚೀಟಿಯಲ್ಲಿ ಹೆಸರು ಕೊಡಲಿಲ್ಲ. ಉಳಿದದ್ದು ಒಂದೇ ದಾರಿ. ಮೊದಲು ಬಂದವರಿಗೆ ಮೊದಲು ಎಂದು ಮಾರುವ ಟಿಕೆಟ್ಟು. ಅದು ಆಷಾಢದ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಗೆ ಶುರು. ಖಾಜಾ ಅಂಗಡಿಗೆ ಅರ್ಧ ಬಾಗಿಲು ಹಾಕಿ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೇ ಬಂದ. ಪರದೇಶದ ವ್ಯವಹಾರಕ್ಕೆ ನಡೆಯುವ ಕಾರ್ಡು ನನ್ನದೊಂದೇ ಇದ್ದುದರಿಂದ ಬ್ಯಾಂಕಿನ ಒಟಿಪಿ ನನ್ನ ಫೋನಿಗೆ ಬರಬೇಕಿತ್ತು. ಪರದೆಯ ಮೇಲೆ ಒಂದು ಗೆರೆ, ಅದರ ಮೇಲೆ ಇರುವೆಯ ವೇಗದಲ್ಲಿ ನಡೆಯುವ ಒಂದು ಚಿಕ್ಕ ಮನುಷ್ಯನ ಚಿತ್ರ. ಅದೇ ಸರದಿಯಂತೆ. ನಮ್ಮ ಮುಂದೆ ಲಕ್ಷಗಟ್ಟಲೆ ಜನ ನಿಂತಿದ್ದಾರಂತೆ, ಒಬ್ಬರೂ ಕಾಣುವುದಿಲ್ಲ. ತಳ್ಳಾಟವಿಲ್ಲದ ಇಂಥ ಸರದಿಯನ್ನು ನಾನು ಎಲ್ಲೂ ಕಂಡವಳಲ್ಲ. ಬೆರಗಾಗಿ ನೋಡುತ್ತ ಕೂತೆ.

ಮೂರೂ ಹತ್ತಕ್ಕೆ ಆ ಮನುಷ್ಯ ಗೆರೆಯ ತುದಿ ಮುಟ್ಟಿದ. ಬೇಕಾದ ಪಂದ್ಯ, ಎರಡು ಸೀಟು, ಎಲ್ಲ ಆಯಿತು.

"ಭಾಭಿ, ಒಟಿಪಿ ಬಂತೇನ್ರಿ? ಲಗೂ ಹೇಳ್ರಿ, ಟೈಮ್ ಓಡಾಕತ್ತೈತಿ," ಎಂದ ಖಾಜಾ.

ಫೋನು ನನ್ನ ಅಂಗೈಯಲ್ಲೇ ಇತ್ತು, ಒಟಿಪಿಯೂ ಬಂದಿತ್ತು. ಆಗ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಯಿತು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಕಣ್ಣಿಲ್ಲದ ಗಂಡನನ್ನು ಸಮುದ್ರದಾಚೆ ಕಳಿಸುವ ಟಿಕೆಟನ್ನು ರಾಹುಕಾಲದಲ್ಲಿ ಕೊಳ್ಳುವುದೇ?

"ನಾಲ್ಕೂವರಿ ತನ ತಡೀರಿ," ಎಂದೆ.

"ಅಲ್ಲಾ! ಇದೇನ್ ಲಗ್ನದ ಮುಹೂರ್ತ ಏನ್ರೀ ಭಾಭಿ? ಹತ್ತು ನಿಮಿಷಕ್ಕ ಹೋಗಿಬಿಡತೈತಿ!"

"ಮಾದೇವಿ, ಹೇಳಿಬಿಡು," ಎಂದರು ಇವರು. ಬೈಯಲಿಲ್ಲ, ಬೇಡಿಕೊಂಡರು. ನಾನು ಫೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕೂತೆ. ಬಲಕ್ಕೆ ಹೂ ಕೊಟ್ಟವನು ಒಂದು ತಾಸು ಕಾಯಲಾರನೇ ಎಂಬ ಧೈರ್ಯ ನನಗೆ. ನಾಲ್ಕೂ ಮೂವತ್ತೊಂದಕ್ಕೆ ಖಾಜಾ ಮತ್ತೆ ಸರದಿಯಲ್ಲಿ ನಿಂತ. ಸಂಜೆ ತುದಿ ಮುಟ್ಟಿದಾಗ ಆ ಪಂದ್ಯವಿರಲಿ, ಯಾವ ಪಂದ್ಯದ ಮುಂದೆಯೂ ಒಂದು ಸೀಟೂ ಇರಲಿಲ್ಲ. ಖಾಜಾ ಲ್ಯಾಪ್‌ಟಾಪ್ ಮುಚ್ಚಿ ಚಹಾ ಕೂಡ ಕುಡಿಯದೆ ಹೋದ.

ಇವರು ನನ್ನನ್ನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದಿನಿಂದ ಟಿವಿಯಲ್ಲಿ ಆಟ ಹಾಕುವುದನ್ನು ಬಿಟ್ಟರು. ಹೊರಗೆ ಹೋಗುವುದೂ ನಿಂತಿತು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಉಳಿದಷ್ಟು ನೋಟವನ್ನು ಈ ಮನುಷ್ಯ ಗೋಡೆ ನೋಡುತ್ತಲೇ ಕಳೆದುಬಿಡುತ್ತಾನೆ, ಅದಕ್ಕೆ ಕಾರಣ ನಾನು ಎಂದು ಅತ್ತೆ.

ಗುಡಿಗೆ ಹೋಗಿ ಜಗಳವಾಡಿದೆ. "ಬಲಕ್ಕೆ ಯಾಕೆ ಕೊಟ್ಟೆ? ನನ್ನ ಕೈಯಲ್ಲಿ ಈ ಕೆಲಸ ಯಾಕೆ ಮಾಡಿಸಿದೆ?" ಎಂದು ಕೇಳಿದೆ. ಮೂರನೆಯ ದಿನದ ಹೊತ್ತಿಗೆ ಜಗಳವೂ ಸಾಕಾಯಿತು. "ಟಿಕೆಟ್ ಬೇಡ ನನ್ನಪ್ಪ. ಇವರ ಬಾಯಿ ಒಂದು ಬಿಡಿಸು. ಒಳಗೊಳಗೇ ಇಟ್ಟುಕೊಂಡು ಸಾಯುತ್ತಾರೆ" ಎಂದೆ. ನೆನಪಿಡಿ, ಹೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಅದಾಗಿ ಎಂಟು ದಿನಕ್ಕೆ ಖಾಜಾ ಬಂದ. ಸಿಟ್ಟು ಇಳಿದಿತ್ತು. ಚಹಾ ಹೀರುತ್ತ, ಮಾತಿನ ನಡುವೆ ಸುಮ್ಮನೆ ಎಂಬಂತೆ ಹೇಳಿದ: "ಇವತ್ತೂ ನೋಡಿದೆ ಚಂದ್ರು, ಎಲ್ಲಾ ಖಾಲಿ. ಒಂದ ಸಾಲಿನ್ಯಾಗ ಸೀಟು ಅದಾವು. ಕೈಕಾಲು ಇಲ್ಲದವ್ರು, ಕಣ್ಣು ಕಮ್ಮಿ ಇದ್ದವ್ರು, ಅವರಿಗಂತ ಇಟ್ಟಾರ. ಸರ್ಕಾರಿ ಸರ್ಟಿಫಿಕೇಟ್ ಬೇಕು. ಜೋಡಿಗೆ ಬರೋರಿಗೆ ಒಂದು ಸೀಟು ಪುಕ್ಕಟೆ. ನಮಗೇನ್ ಉಪಯೋಗ ಅದರದ್ದು!"

ನಾನು ಇವರ ಮುಖ ನೋಡಲಿಲ್ಲ. ನೋಡಿದರೆ ನಾನೇ ಹೇಳಿಸಿದಂತಾಗುತ್ತದೆ ಎಂದು ತಲೆ ತಗ್ಗಿಸಿ ಹೊಲಿಗೆ ಯಂತ್ರಕ್ಕೆ ದಾರ ಪೋಣಿಸತೊಡಗಿದೆ. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು.

"ಖಾಜಾ," ಎಂದರು ಇವರು, "ನನಗ ಕಣ್ಣು ಕಾಣಂಗಿಲ್ಲೋ."

ಖಾಜಾ ಮೊದಲು ಚೇಷ್ಟೆ ಎಂದುಕೊಂಡ. ಆಮೇಲೆ ಕಪ್ಪು ಕೆಳಗಿಟ್ಟ. "ಎಂದಿನಿಂದ?" ಎಂದ. ಎರಡು ವರ್ಷ ಎಂದಾಗ ಅವನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಬೈದು ಮುಗಿಸಿ ಇವರನ್ನು ತಬ್ಬಿಕೊಂಡು ಅತ್ತ. ನನ್ನ ಎರಡನೆಯ ಬೇಡಿಕೆ ಈಡೇರಿದ್ದು ಹೀಗೆ.

ಸರ್ಟಿಫಿಕೇಟಿಗಾಗಿ ಮರುದಿನವೇ ಸರ್ಕಾರಿ ಕಣ್ಣಿನ ದವಾಖಾನೆಗೆ ಎರಡು ಬಸ್ಸು ಬದಲಿಸಿ ಹೋದೆವು. ಮೂರು ಸಲ ಸರದಿ, ಮೂರು ಸಲ ಚೀಟಿ. ಇಲ್ಲಿ ತಳ್ಳಾಟ ಇತ್ತು, ನನಗೆ ರೂಢಿಯ ತಳ್ಳಾಟ. ಇವರು ಒಂದು ಯಂತ್ರದೊಳಗೆ ಮುಖವಿಟ್ಟು ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಎಷ್ಟೋ ಹೊತ್ತು ಗುಂಡಿಯ ಸದ್ದೇ ಬರುತ್ತಿರಲಿಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಗದ ನೋಡಿ, ಒತ್ತಡ ಅಳೆದು, ಮತ್ತೊಮ್ಮೆ ಅಳೆದು ತೆಲುಗಿನಲ್ಲಿ ಇವರನ್ನು ಗದರಿದರು. ಹೋದ ನೋಟ ಬರುವುದಿಲ್ಲ ಎಂದರೆ ಇರುವುದನ್ನೂ ಬಿಟ್ಟುಕೊಡಿ ಎಂದು ಯಾರು ಹೇಳಿದರು? ಈ ಒತ್ತಡ ಹೀಗೇ ಇದ್ದರೆ ಚಳಿಗಾಲದ ಹೊತ್ತಿಗೆ ಬಲಗಣ್ಣೂ ಹೋಗಬಹುದು. ಸರ್ಟಿಫಿಕೇಟ್ ಆಮೇಲೆ, ಮೊದಲು ಆಪರೇಷನ್.

ಆಟ ಇದ್ದದ್ದೇ ಚಳಿಗಾಲದಲ್ಲಿ. ಆ ಮಂಗಳವಾರ ನಾನು ಒಟಿಪಿ ಹೇಳಿದ್ದರೆ ಟಿಕೆಟ್ ಕೈಯಲ್ಲಿರುತ್ತಿತ್ತು, ಇವರು ದವಾಖಾನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಅಷ್ಟು ದೂರ ಹೋಗಿ ಕತ್ತಲಲ್ಲಿ ಕೂತು ಜನರ ಗದ್ದಲವನ್ನಷ್ಟೇ ಕೇಳಿ ಬರುತ್ತಿದ್ದರು.

ಶ್ರಾವಣದಲ್ಲಿ ಆಪರೇಷನ್ ಆಯಿತು. ಒತ್ತಡ ಇಳಿಯಿತು. ಬಲಗಣ್ಣಿನ ನಡುವಿನ ನೋಟ ಉಳಿಯಿತು. ಸರ್ಟಿಫಿಕೇಟೂ ಬಂತು, ಖಾಜಾ ಅರ್ಜಿ ತುಂಬಿದ, ಟಿಕೆಟೂ ಬಂತು. ಇದನ್ನೆಲ್ಲ ಹೇಳಿದಾಗ ಪೂಜಾರಿ, "ನೋಡಿದ್ರೇನ್ರಿ ತಾಯಿ, ರಾಹುಕಾಲ ಪಾಲಿಸಿದ್ದಕ್ಕ ಫಲ!" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ನಾನು ಮಾಡಿದ್ದು ದಡ್ಡತನವೇ. ದಡ್ಡತನವನ್ನೂ ಕೆಲಸಕ್ಕೆ ಹಚ್ಚಿದ್ದು ಹನುಮಪ್ಪ. ಹಾಗಾದರೆ ಅಂದು ನನ್ನ ಕಣ್ಣನ್ನು ಕ್ಯಾಲೆಂಡರಿನ ಕಡೆ ತಿರುಗಿಸಿದವರು ಯಾರು? ಇದನ್ನು ಇನ್ನೂ ಕೇಳಿಕೊಳ್ಳುತ್ತಲೇ ಇದ್ದೇನೆ.

ಜೊತೆಯ ಸೀಟು ಖಾಜಾನದೇ ಎಂದು ನಾನು ಹಟ ಹಿಡಿದೆ. ಅವನು ಕೇಳಲಿಲ್ಲ. "ದಿನಕ್ಕ ನಾಕು ಸಲ ಡ್ರಾಪ್ಸ್ ಹಾಕಬೇಕ್ರೀ ಭಾಭಿ. ಆಟ ನೋಡಾಕತ್ತಿದ್ರ ನನಗ ನನ್ನ ಹೆಸರ ನೆನಪಿರಂಗಿಲ್ಲ. ನೀವ ಹೋಗ್ರಿ," ಎಂದ. ಆ ತ್ಯಾಗಕ್ಕೆ ಏನು ಕೊಟ್ಟರೂ ಕಡಿಮೆಯೇ.

ಕಾರ್ತಿಕ ಕಳೆದ ಮೇಲೆ, ಕಾಚಿಗೂಡ ಸ್ಟೇಷನ್ನಿನಿಂದ ರಾಯಚೂರಿಗೆ ಹೋಗುವುದನ್ನೇ ಪ್ರವಾಸ ಎಂದುಕೊಂಡಿದ್ದ ನಾನು ವಿಮಾನ ಹತ್ತಿದೆ. ನಮಗೆ ಸಿಕ್ಕಿದ್ದು ಇವರು ಬಯಸಿದ ಪಂದ್ಯವಲ್ಲ. ಆಡಿದ ಎರಡು ದೇಶಗಳಲ್ಲಿ ಒಂದರ ಹೆಸರು ಈಗಲೂ ನನ್ನ ಬಾಯಿಗೆ ಹೊರಳುವುದಿಲ್ಲ. ಆದರೆ ಸೀಟು ಗೋಲಿನ ಹಿಂದೆಯೇ, ಕೆಳಗಿನ ಸಾಲಿನಲ್ಲಿತ್ತು. ಮೈದಾನ ಪೂರಾ ಇವರಿಗೆ ಕಾಣುವಂತಿರಲಿಲ್ಲ. ಇದ್ದಷ್ಟು ನೋಟವನ್ನು ಗೋಲ್‌ಕೀಪರ್‌ನ ಮೇಲಿಟ್ಟು ಕೂತರು. ಚೆಂಡು ಎಲ್ಲಿದೆ ಎಂದು ಹೇಳುವ ಕೆಲಸ ನನ್ನದು.

"ಹಳದಿ ಅಂಗಿಯವ ಓಡಾಕತ್ತಾನ್ರಿ... ಇನ್ನೊಬ್ಬಗ ಕೊಟ್ಟ... ಅಯ್ಯ, ಬಿದ್ದ!"

ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ನನ್ನ ಮೊಣಕೈ ಒತ್ತಿದರು. "ತಡಿ. ಗೋಲ್‌ಕೀಪರ್‌ನ ಕಾಲು ನೋಡು. ಬಲಗಾಲ ಮ್ಯಾಲ ಭಾರ ಹಾಕ್ಯಾನ. ಎಡಕ್ಕ ಹಾರತಾನ ಈಗ."

ಅಷ್ಟರಲ್ಲಿ ಚೆಂಡು ಬಂದೇಬಿಟ್ಟಿತು. ಗೋಲ್‌ಕೀಪರ್ ಎಡಕ್ಕೆ ಹಾರಿದ, ಹಿಡಿದ. ಸುತ್ತಲಿನ ಜನ ಕೂಗುವ ಮೊದಲೇ ನಮ್ಮ ಮನೆಯವರು ಎದ್ದು ನಿಂತಿದ್ದರು, ಎರಡೂ ಕೈ ಮುಂದೆ ಚಾಚಿ, ಚೆಂಡು ತಮ್ಮ ಎದೆಗೇ ಬಂತೇನೋ ಎಂಬಂತೆ. "ಕಂಡ್ತು ಮಾದೇವಿ, ಪೂರಾ ಕಂಡ್ತು," ಎಂದು ಅಳತೊಡಗಿದರು. ನಾನೂ ಅತ್ತೆ. ಪಕ್ಕದ ಪರದೇಶಿ ಹೆಂಗಸು ನಮಗಿಬ್ಬರಿಗೂ ಕಾಗದದ ಕರವಸ್ತ್ರ ಕೊಟ್ಟಳು.

ಬಾಂಧವರೇ, ನಿಮ್ಮ ಮನೆಯಲ್ಲಿ ಯಾರಾದರೂ ನೋವನ್ನು ಮುಚ್ಚಿಟ್ಟುಕೊಂಡಿದ್ದರೆ ಮೊದಲು ಅವರ ಬಾಯಿ ತೆರೆಯಲಿ ಎಂದು ಬೇಡಿ. ಉಳಿದದ್ದನ್ನು ಹನುಮಪ್ಪ ತನಗೆ ತಿಳಿದ ದಾರಿಯಲ್ಲಿ ತರುತ್ತಾನೆ. ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ, ಪ್ರಶ್ನೆಗಳೂ ಹೆಚ್ಚಾಗಿವೆ. ಎರಡನ್ನೂ ಹೊತ್ತು ಶನಿವಾರ ಶನಿವಾರ ಗುಡಿಗೆ ಹೋಗುತ್ತೇನೆ.

ಹೋದ ವಾರ ದವಾಖಾನೆಯಲ್ಲಿ ಒತ್ತಡ ಅಳೆದರು, ಮತ್ತೆ ಏರಿಲ್ಲವಂತೆ. ಇವತ್ತು ಬೆಳಿಗ್ಗೆ ನಾನು ಅಂಗಳದಲ್ಲಿ ರಂಗೋಲಿ ಹಾಕಿ ಏಳುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು, ಮೂಲೆಯಿಂದ ಮೂಲೆಗೆ ನಿಧಾನವಾಗಿ ಕತ್ತು ತಿರುಗಿಸಿ ನೋಡಿ, "ಅಲ್ಲಿ ಒಂದು ಚುಕ್ಕಿ ಬಿಟ್ಟೀ ನೋಡು," ಎಂದರು. ಬಗ್ಗಿ ನೋಡಿದೆ. ಬಿಟ್ಟಿದ್ದೆ.