ಮೂಗಿನ ಬದಲು ಲಿಟ್ಮಸ್

ಬೆಳಗಿನ ಆರೂವರೆ. ಕಡಲ ಕಡೆಯ ಮಂಜು ಇನ್ನೂ ಶಾಲೆಯ ಮೈದಾನ ಬಿಟ್ಟಿಲ್ಲ. ಮೂರನೆಯ ಮಹಡಿಯ ವಿಜ್ಞಾನ ಪ್ರಯೋಗಾಲಯದಲ್ಲಿ ಮಾ ಒಕ್ನಿಮ್ ಕಿಟಕಿಗಳನ್ನು ತೆರೆಯುತ್ತಿದ್ದಾರೆ. ಆಮೇಲೆ ಕೆಂಪೊಂದು, ನೀಲಿಯೊಂದು ಲಿಟ್ಮಸ್ ಚೀಟಿಯನ್ನು ನೀರಿನಲ್ಲಿ ಅದ್ದಿ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿ, ರಾಸಾಯನಿಕಗಳ ಬೀರುವಿನೊಳಗೆ ತೂಗುಹಾಕಿ ಬಾಗಿಲು ಮುಚ್ಚುತ್ತಾರೆ. ಕೆಂಪು ನೀಲಿಯಾದರೆ ಅಮೋನಿಯಾ ಸೋರುತ್ತಿದೆ. ನೀಲಿ ಕೆಂಪಾದರೆ ಆಮ್ಲ. ಎರಡೂ ಇದ್ದಂತೆಯೇ ಇದ್ದರೆ ಶಾಲೆ ಶುರುವಾಗಬಹುದು.

ಬೇರೆಯವರಿಗಾದರೆ ಇದು ಒಮ್ಮೆ ಮೂಸಿದರೆ ಮುಗಿಯುವ ಕೆಲಸ. ಒಕ್ನಿಮ್ ಅವರಿಗೆ ವಾಸನೆ ತಿಳಿಯುವುದಿಲ್ಲ. ಏಪ್ರಿಲ್‌ವರೆಗೆ ಶಾಲೆಯಲ್ಲಿ ಈ ಸಂಗತಿ ಅವರೊಬ್ಬರಿಗೇ ಗೊತ್ತಿತ್ತು. ಈಗ ಇಡೀ ಶಾಲೆಗೆ ಗೊತ್ತು. ಅವರನ್ನು ಈ ಕೋಣೆಯಲ್ಲಿ ಉಳಿಸಿಕೊಳ್ಳುವುದೋ ಬೇಡವೋ ಎಂಬುದನ್ನು ಹೆಡ್‌ಮಾಸ್ತರರು ಇವತ್ತು ಮಧ್ಯಾಹ್ನ ಹೇಳಲಿದ್ದಾರೆ.

ದಕ್ಷಿಣ ಕೊರಿಯಾದ ಜೊಲ್ಲಾ ಸೀಮೆಯ ಈ ಕಡಲೂರಿನ ಶಾಲೆಗೆ ಮೇಷ್ಟ್ರುಗಳು ಬರುತ್ತಾರೆ, ನಾಲ್ಕೈದು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಐವತ್ತೆಂಟರ ಒಕ್ನಿಮ್ ಮಾತ್ರ ಇಲ್ಲೇ ಇದ್ದಾರೆ. ಹುದ್ದೆ ಸಹಾಯಕಿಯದು. ಪುಡಿಗಳನ್ನು ತಕ್ಕಡಿಯಲ್ಲಿ ತೂಗಿಡುವುದು, ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬೆರೆಸುವುದು, ಸ್ಪಿರಿಟ್ ದೀಪಗಳನ್ನು ತುಂಬಿಸುವುದು, ದಿನಕ್ಕೆ ನೂರರ ಮೇಲೆ ಪ್ರನಾಳ ತೊಳೆಯುವುದು. ಮೇಷ್ಟ್ರುಗಳ ಬಾಯಲ್ಲಿ ಅವರು ಅಮ್ಮಾವ್ರು, ಮಕ್ಕಳ ಬಾಯಲ್ಲಿ ಚಿಕ್ಕಮ್ಮ. ಟೀಚರ್ ಎಂದು ಯಾರೂ ಕರೆದಿಲ್ಲ. ಆದರೆ ಬಾಟಲಿಗೆ ಮೂಗು ಇಡಬಾರದು, ದೂರ ಹಿಡಿದು ಅಂಗೈಯಿಂದ ಗಾಳಿಯನ್ನು ಇತ್ತ ತಳ್ಳಿಕೊಳ್ಳಬೇಕು ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ತೋರಿಸಿಕೊಡುವವರು ಅವರೇ. ತೋರಿಸುವಾಗ ಮುಖ ಸಿಂಡರಿಸುವುದನ್ನೂ ಮರೆಯುವುದಿಲ್ಲ. ಅದು ನಟನೆ.

ಮೂಗು ಹೋದದ್ದು ಯಾವಾಗ ಎಂದು ಅವರಿಗೂ ಖಚಿತವಿಲ್ಲ. ಮೊದಮೊದಲ ಚಳಿಗಾಲಗಳಲ್ಲಿ ಕಿಟಕಿ ಮುಚ್ಚಿ ಕುಳಿತು, ಸತ್ತ ಕಪ್ಪೆ, ಮೀನುಗಳ ಜಾಡಿಗಳಿಗೆ ಅವು ಕೆಡದಂತೆ ಕಾಯುವ ಘಾಟು ದ್ರವ ಫಾರ್ಮಲಿನ್ ಬದಲಿಸುತ್ತಿದ್ದರು. ಮುಖಕ್ಕೆ ಕಟ್ಟಿದ ಕರವಸ್ತ್ರವೇ ರಕ್ಷಣೆ. ಗೊತ್ತಾದದ್ದು ಅಣ್ಣನ ಮಗಳ ಮದುವೆಯಲ್ಲಿ. ಹುಳಿ ಹಿಡಿಸಿದ ತೊರಕೆ ಮೀನು ಇಲ್ಲದ ಮದುವೆಯೂಟ ಈ ಸೀಮೆಯಲ್ಲಿ ಊಟವೇ ಅಲ್ಲ. ಅದರ ಅಮೋನಿಯಾ ಘಾಟು ನೆತ್ತಿಗೇರಿ ಬೀಗರು ಕಣ್ಣೊರೆಸಿಕೊಂಡರೇ ಮರ್ಯಾದೆ.

"ನಾನು ಮೂಲಂಗಿ ತಿಂದ ಹಾಗೆ ತಿಂತಾ ಇದ್ದೆ," ಎನ್ನುತ್ತಾರೆ ಒಕ್ನಿಮ್. "ನಾಲಿಗೆ ಚುರ್ ಅಂತು, ಅಷ್ಟೆ. ನಮ್ಮತ್ತಿಗೆ ನೋಡಿ, 'ಇವಳು ಕಣ್ರೇ ಗಟ್ಟಿಗಿತ್ತಿ' ಅಂತ ಇನ್ನೆರಡು ತುಂಡು ಹಾಕಿದ್ಲು. ಒಂದು ತುಂಡು ಮೂಗಿಗೇ ಹಿಡಿದು ನೋಡಿದೆ, ಏನೂ ಬರ್ಲಿಲ್ಲ."

ವೈದ್ಯರು ಅದು ಮರಳುವುದಿಲ್ಲ ಎಂದರು. ಮೂಗಿಲ್ಲದವಳನ್ನು ರಾಸಾಯನಿಕಗಳ ಪಕ್ಕ ಯಾರು ಇಟ್ಟುಕೊಳ್ಳುತ್ತಾರೆ? ಒಕ್ನಿಮ್ ಯಾರಿಗೂ ಹೇಳದೆ ಲಿಟ್ಮಸ್ ಕಟ್ಟತೊಡಗಿದರು. ಮಕ್ಕಳ ಕಣ್ಣಿಗೆ ಅದು ಮಂತ್ರಿಸಿದ ಚೀಟಿ.

"ಚಿಕ್ಕಮ್ಮ, ದೆವ್ವ ಓಡಿಸೋಕಾ ಇದು?"

"ಹೂಂ. ಗಂಟೆ ಹೊಡೆದ್ಮೇಲೂ ಕಾರಿಡಾರಲ್ಲಿ ಸುತ್ತೋ ದೆವ್ವಗಳಿಗೆ."

ಲಿಟ್ಮಸ್ ಕೈಕೊಡಲಿಲ್ಲ. ಆದರೆ ಅದಕ್ಕೆ ತಿಳಿಯುವುದು ಆಮ್ಲ ಮತ್ತು ಕ್ಷಾರ ಮಾತ್ರ, ಫಾರ್ಮಲಿನ್ ಅಲ್ಲ. ಏಪ್ರಿಲ್‌ನ ಆ ಬೆಳಿಗ್ಗೆ ಬೀರುವಿನಲ್ಲಿದ್ದ ಕಪ್ಪೆಯ ಜಾಡಿಯೊಂದು ತಳದಲ್ಲಿ ಬಿರುಕು ಬಿಟ್ಟಿತ್ತು. ಚೀಟಿಗಳು ಬಣ್ಣ ಬದಲಿಸಲಿಲ್ಲ. ಕಣ್ಣು ಉರಿಯುತ್ತಿದ್ದುದು ಒಕ್ನಿಮ್ ಅವರ ಗಮನಕ್ಕೆ ಬಂತು. ಆದರೆ ಅದು ಹಳದಿ ಧೂಳಿನ ಕಾಲ. ಪಡುವಣದ ಮರುಭೂಮಿಯ ಧೂಳು ಸಮುದ್ರ ದಾಟಿ ಬಂದು ಊರಿಗೆ ಊರೇ ಕಣ್ಣುಜ್ಜುತ್ತಿತ್ತು. ಕಿಟಕಿ ತೆರೆಯಬೇಡಿ ಎಂದು ಫೋನಿಗೆ ಎಚ್ಚರಿಕೆಯೂ ಬಂದಿತ್ತು. ಅವರು ವಿಧೇಯರಾಗಿ ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಮುಚ್ಚಿದರು.

ಮೊದಲ ಪೀರಿಯಡ್ಡಿನ ಅರ್ಧದಲ್ಲಿ ಚೊರೊಂಗ್ ಎಂಬ ಹುಡುಗಿಗೆ ಕೆಮ್ಮು ಹತ್ತಿ ಉಸಿರು ಸಿಕ್ಕಿಕೊಂಡಿತು. ಮೊದಲೇ ಉಬ್ಬಸದ ಮಗು. ಆಂಬುಲೆನ್ಸ್ ಬಂತು, ಎರಡು ರಾತ್ರಿ ಆಸ್ಪತ್ರೆಯಾಯಿತು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಬಾಂಗ್ ಮೇಷ್ಟ್ರು, "ಹಾಳು ಧೂಳು, ಏನ್ ಮಾಡೋಕಾಗುತ್ತೆ," ಎಂದರು. ಎಲ್ಲರೂ ಹೌದೆಂದರು. ಅಲ್ಲಿಗೆ ಮುಗಿಯಬಹುದಿತ್ತು.

"ಧೂಳಲ್ಲ ಮೇಷ್ಟ್ರೇ," ಎಂದರು ಒಕ್ನಿಮ್, ಚಹಾದ ಲೋಟ ಕೆಳಗಿಟ್ಟು. "ಜಾಡಿ ಸೋರಿತ್ತು. ನಂಗೆ ವಾಸನೆ ಬರಲ್ಲ. ವರ್ಷಗಳಾಯ್ತು."

ಯಾಕೆ ಹೇಳಿದಿರಿ ಎಂದರೆ ಅವರ ಉತ್ತರ ಇಷ್ಟೇ: "ಧೂಳು ಅಂತ ಸುಮ್ನಿದ್ರೆ ಆ ಜಾಡಿ ಅಲ್ಲೇ ಇರ್ತಿತ್ತು."

ಚೊರೊಂಗ್ ಈಗ ಚೆನ್ನಾಗಿದ್ದಾಳೆ. ಇವತ್ತೂ ಬಾಗಿಲಲ್ಲಿ ತಲೆ ಹಾಕಿ, "ಚಿಕ್ಕಮ್ಮ, ನನ್ನ ಮೂಗು ಬಾಡಿಗೆಗೆ ಬೇಕಾ?" ಎನ್ನುತ್ತಾಳೆ.

"ಸದಾ ಸೋರೋ ಮೂಗು ಯಾರಿಗೆ ಬೇಕು, ಕ್ಲಾಸಿಗೆ ನಡಿ."

ಹುಡುಗಿ ನಗುತ್ತ ಓಡುತ್ತಾಳೆ. ಅವಳ ಹೆಜ್ಜೆಯ ಸದ್ದು ಅಡಗುವವರೆಗೆ ಒಕ್ನಿಮ್ ಕೈಯಲ್ಲಿದ್ದ ಬೀಕರನ್ನು ಒರೆಸುವುದಿಲ್ಲ.

ಊಟವಾದ ಮೇಲೆ ಹೆಡ್‌ಮಾಸ್ತರ್ ತಾಕ್ ತಾವೇ ಮಹಡಿ ಹತ್ತಿ ಬರುತ್ತಾರೆ. ಕೆಟ್ಟ ಸುದ್ದಿಯನ್ನು ಕರೆಸಿ ಹೇಳಬಾರದೆಂಬ ಸೌಜನ್ಯ ಅವರಲ್ಲಿದೆ.

"ಮುಂದಿನ ಟರ್ಮಿನಿಂದ ಕೆಳಗೆ ಆಫೀಸಲ್ಲಿರಿ, ಅಮ್ಮಾವ್ರೇ. ಸಂಬಳ ಅದೇ. ಕೂತು ಮಾಡೋ ಕೆಲಸ."

"ಆಯ್ತು ಹೆಡ್ಮಾಸ್ಟ್ರೇ."

ಸಮಾಧಾನಕ್ಕೆಂದು ಹೊಂದಿಸಿ ತಂದಿದ್ದ ಮಾತುಗಳು ಅವರ ಬಾಯಲ್ಲೇ ಉಳಿಯುತ್ತವೆ. "ಹಾಗಾದ್ರೆ ಬೀರುವಿನ ಬೀಗದಕೈ..."

"ಅದು ಕೊಡಲ್ಲ."

ಬೀರುವಿನ ನೆತ್ತಿಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ಒಂದಿದೆ. ಯಾವುದೋ ವರ್ಷ ಪರೀಕ್ಷೆಗೆ ಸದ್ದಾಗುತ್ತದೆಂದು ಅದನ್ನು ನಿಲ್ಲಿಸಿದರು. ಪರೀಕ್ಷೆ ಮುಗಿಯಿತು, ಮಕ್ಕಳು ಪಾಸಾದರು, ಫ್ಯಾನ್ ಮತ್ತೆ ತಿರುಗಲಿಲ್ಲ. ಬಂದ ಹೆಡ್‌ಮಾಸ್ತರರಿಗೆಲ್ಲ ಒಕ್ನಿಮ್ ಹೇಳಿದ್ದಾರೆ. ಎಲ್ಲರೂ ತಲೆಯಾಡಿಸಿ ವರ್ಗವಾಗಿ ಹೋಗಿದ್ದಾರೆ.

"ಅದು ತಿರುಗಿದ ದಿನ ಬೀಗದಕೈ ನಿಮ್ಮ ಮೇಜಿನ ಮೇಲಿರುತ್ತೆ."

"ನಿಮಗಿನ್ಯಾಕೆ ಅದು? ಇಷ್ಟು ವರ್ಷ ಅದಿಲ್ದೇನೇ ನಡೀತಲ್ಲ."

"ನಡೀತು. ಹೇಗೆ ನಡೀತು ಅಂತ ನೋಡಿದ್ರಲ್ಲ."

ತಾಕ್ ಅವರು ಫ್ಯಾನನ್ನು ಒಮ್ಮೆ, ಆಕೆಯನ್ನು ಒಮ್ಮೆ ನೋಡಿ ಮೆಟ್ಟಿಲಿಳಿಯುತ್ತಾರೆ. ಒಕ್ನಿಮ್ ಬೀಗದಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿ, ತೊಳೆಯಲು ಉಳಿದ ಪ್ರನಾಳಗಳ ಕಡೆ ತಿರುಗುತ್ತಾರೆ.

"ನನ್ನ ಜಾಗಕ್ಕೆ ಬರೋಳು ಯಾರೋ ನಂಗೊತ್ತಿಲ್ಲ," ಎನ್ನುತ್ತಾರೆ. "ಬರುವಾಗ ಮೂಗು ಇಟ್ಕೊಂಡೇ ಬರ್ತಾಳಲ್ಲ. ಹೋಗುವಾಗ್ಲೂ ಇರ್ಲಿ."