ಭಾಜೆಯ ಬೆಟ್ಟದಲ್ಲಿ ಕಂಡವಳು

ನಮ್ಮ ಮಗಳು ಮೂರು ವರ್ಷಕ್ಕೇ ಹೋದಳು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರ ಪುಣೆಯ ಪೇಠೆ ಪೇಠೆಗಳನ್ನೇ ಖಾಲಿ ಮಾಡಿತ್ತು. ಹಲವು ಸಂಸಾರಗಳಿದ್ದ ನಮ್ಮ ವಾಡೆಯೊಂದರಲ್ಲೇ ನಾಲ್ಕು ಜನ ಸತ್ತರು. ವಿಜಾಪುರದ ಕಡೆಯಿಂದ ಗುಮಾಸ್ತಿಕೆಗೆ ಬಂದ ನನಗೆ ಅಲ್ಲಿ ಹೆಗಲು ಕೊಡುವ ಬಂಧುಗಳಿರಲಿಲ್ಲ. ಕೂಸನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಹೂತು ಬಂದೆ.

ವರ್ಷ ತುಂಬುತ್ತ ಬಂದಾಗ ನನ್ನ ಹೆಂಡತಿ ತಿಥಿಯ ಮಾತೆತ್ತಿದಳು. ಅಷ್ಟು ಸಣ್ಣ ಕೂಸಿಗೆ ಶ್ರಾದ್ಧವಿಲ್ಲ, ಎಳ್ಳು ನೀರೂ ಇಲ್ಲ ಎಂದರು ಭಟ್ಟರು. "ಅಂದ್ರ ಅಕಿ ಬಂದೇ ಇದ್ದಿಲ್ಲೇನ್ರಿ?" ಎಂದು ಕೇಳಿ ಇವಳು ಒಳಗೆ ಹೋದಳು. ಆಮೇಲೆ ಅವಳ ಮಾತು ನಿಂತಿತು, ಊಟ ಅರ್ಧಕ್ಕಿಳಿಯಿತು.

ಹವಾ ಬದಲಾದರೆ ಸರಿಹೋದಾಳು ಎಂದು ಒಂದು ಭಾನುವಾರ ರೈಲಿನಲ್ಲಿ ಮಳವಲಿಗೆ ಕರೆದೊಯ್ದು, ಭಾಜೆ ಬೆಟ್ಟದ ಹಳೆಯ ಬೌದ್ಧ ಗುಹೆಗಳಿಗೆ ಹತ್ತಿಸಿದೆ. ಅಲ್ಲಿ ಹಳದಿ ಬಟ್ಟೆಯ ಭಿಕ್ಷುವೊಬ್ಬರು ಗುಹೆಗೆ ಬೆನ್ನು ಹಾಕಿ, ಎದುರಿನ ಮರ, ಝರಿಗಳ ಕಡೆ ಮುಖ ಮಾಡಿ ಕೂತಿದ್ದರು. ಸಿಂಹಳದಿಂದ ಬಂದವರು, ಕೆಳಗಿನ ಹಳ್ಳಿಯಲ್ಲಿ ವಾಸ. ಅವರ ಮರಾಠಿ ನನ್ನದಕ್ಕಿಂತ ಕೆಟ್ಟದಿತ್ತು. ಏನು ಮಾಡುತ್ತಿದ್ದೀರಿ ಎಂದರೆ, ಇಲ್ಲಿ ಕಣ್ಣಿಗೆ ಕಾಣದೆ ಇರುವ ದೇವತೆಗಳಿಗೆ ಒಳ್ಳೆಯದಾಗಲಿ ಅನ್ನುತ್ತಿದ್ದೇನೆ ಎಂದರು. ಮೊದಲು ತನಗೆ, ಆಮೇಲೆ ಮರದಲ್ಲಿರುವವರಿಗೆ, ಕಲ್ಲಿನಲ್ಲಿರುವವರಿಗೆ, ನೀರಿನಲ್ಲಿರುವವರಿಗೆ. ಕರೆಯಬಾರದು, ಏನನ್ನೂ ಬೇಡಬಾರದು. ಮನಸ್ಸು ತಿಳಿಯಾದರೆ ಅವರಾಗಿಯೇ ಕಾಣುತ್ತಾರಂತೆ. ಕೊನೆಗೆ ಸಣ್ಣ ತಂಬಿಗೆಯಿಂದ ಬಟ್ಟಲಿಗೆ ನೀರು ಸುರಿದು, ಅದು ತುಂಬಿ ಚೆಲ್ಲುವಾಗ, ಹಾಗೆ ಕೂತು ಗಳಿಸಿದ ಪುಣ್ಯವನ್ನೆಲ್ಲ ಸತ್ತವರಿಗೆ ಕೊಡುವುದು.

"ಮೂರು ವರ್ಷದ ಕೂಸಿಗೂ ಮುಟ್ತದೇನು, ಕೇಳ್ರಿ," ಎಂದಳು ಇವಳು.

ಕೇಳಿದೆ. ಭಿಕ್ಷು ವಯಸ್ಸಿನ ಮಾತನ್ನೇ ಆಡಲಿಲ್ಲ, ಹೆಸರೇನು ಎಂದರು. ಇವಳು ಹೆಸರು ಹೇಳಿ ಗೋಳೋ ಎಂದು ಅತ್ತಳು.

ಅಂದಿನಿಂದ ಹುಣ್ಣಿಮೆ ಹತ್ತಿರದ ಭಾನುವಾರ ಭಾಜೆಗೆ ಹೋಗುವುದೇ ಆಯಿತು. ಇವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕಾಣದವರಿಗೂ ಒಂದು ತುಂಡು ಇಡುತ್ತಿದ್ದಳು. ಮಂಗಗಳು ಬಂದು ತಿನ್ನುತ್ತಿದ್ದವು. "ನಿನ್ನ ದೇವತೆಗಳಿಗೆ ಬಾಲ ಅದ ನೋಡು," ಎಂದು ನಾನು ಛೇಡಿಸಿದರೆ ಅವಳು ನಗುತ್ತಿದ್ದಳು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕಾಲು ಜೋಮು ಹಿಡಿಯುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಮಳೆ ಮುಗಿದ ಮೇಲಿನ ಒಂದು ಮಧ್ಯಾಹ್ನ ಅವಳು ಕಣ್ಣು ತೆರೆದು ಮೆಲ್ಲಗೆ ಹೇಳತೊಡಗಿದಳು: ಅತ್ತಿಮರದ ಕೆಳಗೆ ಮುದುಕಿಯೊಬ್ಬಳು ಒದ್ದೆ ಕೂದಲು ಒಣಗಿಸುತ್ತಿದ್ದಾಳೆ, ನೀರಿನ ತೊಟ್ಟಿಯ ಹತ್ತಿರ ಇಬ್ಬರಿದ್ದಾರೆ. ಆಮೇಲೆ ನನ್ನ ತೋಳು ಹಿಡಿದಳು. "ಝರಿ ಮ್ಯಾಲಿನ ಬಂಡೆ ನೋಡ್ರಿ. ಕಾಲು ಇಳಿಬಿಟ್ಟು ಕುಂತಾಳ. ನಮ್ಮಕಿನ ರೀ!"

ನೋಡಿದೆ. ಪಾಚಿ ಹಿಡಿದ ಬಂಡೆ. ಹೆಂಡತಿಗೆ ತಲೆ ಕೆಟ್ಟಿತೇ ಎಂಬ ಹೆದರಿಕೆಯೂ ಇತ್ತು, ಸುಳ್ಳೇಕೆ? ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ಅವಳು ನನ್ನ ಮಗಳೂ ಹೌದಲ್ಲ? ಹೊತ್ತುಕೊಂಡು ಹೋದವನು ನಾನು. ನನಗೇಕೆ ಕಾಣಲಿಲ್ಲ? ಸಿಟ್ಟು ಮೊದಲಿಂದಲೂ ನನ್ನ ಮೂಗಿನ ತುದಿಯಲ್ಲೇ.

"ಅಲ್ಲಿ ಯಾರೂ ಇಲ್ಲ," ಎಂದು ಕಿರುಚಿದೆ. "ಕಲ್ಲದ. ಬರೇ ಕಲ್ಲು!"

ಭಿಕ್ಷು ಕಣ್ಣು ತೆರೆಯಲಿಲ್ಲ. ಅವಳು ನನ್ನ ತೋಳು ಬಿಟ್ಟು, ಸೆರಗು ಸರಿಮಾಡಿಕೊಂಡು, ಬಟ್ಟಲಿಗೆ ನೀರು ಸುರಿದಳು.

ಆಮೇಲೆ ಅವಳು ಆ ಮಾತೆತ್ತಲಿಲ್ಲ, ನನಗೆ ಕೇಳುವ ಧೈರ್ಯವಾಗಲಿಲ್ಲ. ಭಿಕ್ಷು ತಮ್ಮ ದೇಶಕ್ಕೆ ಮರಳಿದ ಮೇಲೂ ಹೋಗುವುದು ಬಿಡಲಿಲ್ಲ. ಹದಿನಾಲ್ಕು ವರ್ಷ. ಪ್ರತಿ ಸಲವೂ ಅವಳು ಆ ಬಂಡೆಯನ್ನೇ ನೋಡುತ್ತಿದ್ದಳು. ನನ್ನಿಂದ ಮುಚ್ಚಿಟ್ಟು ಮಗಳನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಹೋಗಲಿ, ನಮ್ಮಲ್ಲಿ ಒಬ್ಬರಿಗಾದರೂ ಕಾಣುತ್ತಾಳಲ್ಲ ಎಂದು ಅದರಲ್ಲೇ ಸಮಾಧಾನಪಡುತ್ತಿದ್ದೆ.

ಅವಳು ಹಾಸಿಗೆ ಹಿಡಿದಾಗ, ಒಂದು ಸಂಜೆ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟೆ. "ಅಕಿ ಇನ್ನೂ ಅಲ್ಲೇ ಕುಂದರ್ತಾಳೇನು?"

ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನೀವು ಕಲ್ಲು ಅಂದ ದಿನದಿಂದ ನನಗೂ ಕಲ್ಲೇ ಕಾಣಸ್ತದ್ರಿ."

"ಮತ್ತ ಇಷ್ಟು ವರ್ಷ ಯಾಕ ಹೋದಿ?"

"ಇನ್ನೊಮ್ಮೆ ಬಂದಾಳೇನೋ ಅಂತ."

ಐದನೆಯ ದಿನ ಅವಳೂ ಹೋದಳು. ನಾನು ಅಂದು ಬಾಯಿ ಮುಚ್ಚಿಕೊಂಡಿದ್ದರೆ, ಆ ಹದಿನಾಲ್ಕು ವರ್ಷವೂ ಅವಳಿಗೆ ಮಗಳಿರುತ್ತಿದ್ದಳು.