ಇಲ್ಲದ ಬೇರಿಗೆ ಎರಡು ಗಂಟೆ

ನನ್ನ ಓರಗಿತ್ತಿಯನ್ನು ಊರವರೆಲ್ಲ ಕರೆಯುವುದು ಗಂಟೆಯಮ್ಮ ಎಂದೇ. ಕಾಲುವೆ ಪಕ್ಕದ ಹಗ್ಗದ ದಾರಿಯಲ್ಲಿ ಹತ್ತೊಂಬತ್ತು ವರ್ಷ ಜನರನ್ನು ಸೈಕಲ್ ಮೇಲೆ ತಿರುಗಾಡಿಸಿದವಳು ಅವಳು. ಹಿಂದೆ ಸರಕಿನ ದೋಣಿಗಳಿಗೆ ಹಗ್ಗ ಕಟ್ಟಿ, ಕುದುರೆಗಳು ದಡದ ಮೇಲೆ ನಡೆಯುತ್ತಾ ಎಳೆಯುತ್ತಿದ್ದವಂತೆ. ದಾರಿಗೆ ಆ ಹೆಸರು ಅದರಿಂದ ಬಂದದ್ದು. ಸೇತುವೆಗಳ ಕಲ್ಲಿನ ಮೂಲೆಯಲ್ಲಿ ಹಗ್ಗ ತೇದ ಗೀರುಗಳು ಈಗಲೂ ಇವೆ, ಬೆರಳಿಟ್ಟರೆ ಒಳಗೆ ಕೂರುತ್ತದೆ. ದೋಣಿ ಹೋದವು, ಕುದುರೆ ಹೋದವು, ದಾರಿ ಉಳಿಯಿತು. ಅಲ್ಲಿ ಕಾರು ಲಾರಿ ಯಾವುದೂ ಬರುವಂತಿಲ್ಲ.

“ಇಲ್ಲಿ ಹಾರ್ನ್ ಹೊಡೆಯೋದು ಬಾತುಕೋಳಿ ಮಾತ್ರ. ಹೆದರಬೇಡಿ” ಎಂದು ಹೊಸಬರಿಗೆ ಹೇಳುತ್ತಿದ್ದಳು.

ಹೊಸಬರು ನಗುತ್ತಿದ್ದರು, ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನನಗೆ ನೀರೆಂದರೆ ಭಯ. ನಾನು ಮದುವೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು, ಅವಳಿನ್ನೂ ಆ ಮನೆಗೆ ಹೊಸ ಸೊಸೆ. ಬಟ್ಟೆ ಒಗೆಯಲು ಇಳಿದಿದ್ದ ನಾನು ಪಾಚಿ ಮೆಟ್ಟಿ ಜಾರಿ ಕಾಲುವೆಗೆ ಬಿದ್ದೆ. ಕಾಲಿಗೆ ನೆಲ ಸಿಗಲಿಲ್ಲ. ಕಣ್ಣಿಗೆ ಹಸಿರು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ನನ್ನ ಜಡೆ ಹಿಡಿದು ಮೇಲಕ್ಕೆಳೆದವಳು ಅವಳೇ. ಎಳೆದು ಹಾಕಿ, “ಅಕ್ಕಾ, ಬಟ್ಟೆ ಒಗಿ ಅಂದ್ರೆ ನೀನೇ ನೆನೆಯೋಕೆ ಹೋದ್ಯಲ್ಲ” ಎಂದಳು. ಅಂದಿನಿಂದ ಆ ನೀರು ನನ್ನನ್ನು ಬಾಕಿ ಉಳಿಸಿಕೊಂಡಿದೆ ಎಂದೇ ನನಗೆ ಅನ್ನಿಸುತ್ತದೆ.

ನನ್ನ ಯಜಮಾನರಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಮೈದುನ ಕಾಲುವೆ ಗೇಟಿನ ಕೆಲಸಕ್ಕಿದ್ದ. ಎರಡು ವರ್ಷದ ಅಂತರದಲ್ಲಿ ಅಣ್ಣತಮ್ಮ ಇಬ್ಬರೂ ಹೋದರು. ಅಂಗಡಿಯಲ್ಲಿ ಹದಿನಾಲ್ಕು ಸೈಕಲ್, ಮನೆಯಲ್ಲಿ ನಾವಿಬ್ಬರು. ನಾನು ಮೂಲೆ ಹಿಡಿದು ಕೂತೆ. ಅವಳು ಎಲ್ಲ ಸೈಕಲ್‌ಗಳ ಚೈನಿಗೆ ಎಣ್ಣೆ ಬಿಟ್ಟು, ಬಾಗಿಲಿಗೆ ‘ಕಾಲುವೆ ದಾರಿಯಲ್ಲಿ ಸೈಕಲ್ ಸವಾರಿ’ ಎಂಬ ಬೋರ್ಡು ತೂಗುಹಾಕಿದಳು. ಐವತ್ತೊಂದನೇ ವಯಸ್ಸಿನಲ್ಲಿ ನನಗೂ ಸೈಕಲ್ ಕಲಿಸಿದಳು. ಅವಳು ಸಾಲಿನ ಮುಂದೆ, ಯಾರೂ ಹಿಂದೆ ಬೀಳದಂತೆ ನೋಡಿಕೊಳ್ಳಲು ನಾನು ಕೊನೆಯಲ್ಲಿ, ಬೇಲಿಗೆ ಅಂಟಿಕೊಂಡು.

ಆ ದಾರಿಗೆ ಅವಳದೇ ಒಂದು ಕಾನೂನು ಇತ್ತು. ಮುಂದಿರುವವಳು ಒಂದು ಗಂಟೆ ಬಾರಿಸಿದರೆ ದಾರಿ ಕಿರಿದು, ಎರಡಾದರೆ ನೆಲ ಏರುಪೇರು, ಮೂರಾದರೆ ನಿಂತು ಇಳಿಯಬೇಕು. ಹಿಂದಿನವರು ಒಬ್ಬೊಬ್ಬರಾಗಿ ಅದನ್ನೇ ಬಾರಿಸುತ್ತಾ ಕೊನೆಯವರೆಗೆ ದಾಟಿಸಬೇಕು. “ಗಂಟೆ ಬರ್ಲಿಲ್ಲ ಅಂದ್ರೆ ಕಣ್ಣು ಮುಚ್ಕೊಂಡು ತುಳೀರಿ, ಮುಂದೆ ನಾನಿದ್ದೀನಿ” ಎನ್ನುವಳು. ಜನ ಹಾಗೇ ಮಾಡುತ್ತಿದ್ದರು. ಬಾತುಕೋಳಿ, ಮೋಡ, ಎದುರು ದಡದ ಹಸು ನೋಡುತ್ತಾ ಹೋಗುತ್ತಿದ್ದರು. ರಸ್ತೆಯನ್ನು ಯಾರೂ ನೋಡುತ್ತಿರಲಿಲ್ಲ.

ಆ ವರ್ಷ ಮನೆಯಲ್ಲಿ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಲೋಟಕ್ಕೆ ಚಹಾ ಸುರಿಯುವಾಗ ಬೆರಳನ್ನು ಒಳಗಿಡುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಡುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆ. ನನ್ನ ಮೊಣಕಾಲಿಗೂ ಆಗಿತ್ತಲ್ಲ.

ಆ ದಿನ ಎಂಟು ಜನ ಬಂದಿದ್ದರು. ನನ್ನ ಮುಂದೆ ಇದ್ದವರು ನಿವೃತ್ತ ಮೇಷ್ಟ್ರು, ಪ್ರತಿ ತಿಂಗಳೂ ಬರುವವರು, ಎಲ್ಲದರಲ್ಲೂ ತಪ್ಪು ಹುಡುಕುವವರು. ಎರಡನೇ ಸೇತುವೆ ದಾಟಿದ ಮೇಲೆ ಒಂದು ದೊಡ್ಡ ಮರದ ಬೇರು ದಾರಿಗೆ ಅಡ್ಡ ಎದ್ದಿತ್ತು. ಹತ್ತೊಂಬತ್ತು ವರ್ಷ ಅಲ್ಲಿ ಎರಡು ಗಂಟೆ. ಅಂದೂ ಟಿಣ್ ಟಿಣ್ ಎಂದು ಮುಂದಿನಿಂದ ಬಂತು. ನಾನೂ ಬಾರಿಸಿದೆ. ಬಾರಿಸಿ ನೆಲ ನೋಡಿದೆ.

ಬೇರು ಇರಲಿಲ್ಲ.

ಮರವೇ ಇರಲಿಲ್ಲ. ಯಾರೋ ಕೊಯ್ದು, ಬೇರು ಕಿತ್ತು, ಅಂಗೈಯಂತೆ ಮಟ್ಟ ಮಾಡಿದ್ದರು. ಪಕ್ಕದಲ್ಲಿ ಬುಡದ ತುಂಡು ಹಸಿಯಾಗಿ ಬೆಳ್ಳಗೆ ಬಿದ್ದಿತ್ತು. ಕುರುಡರಿಗೂ ಕಾಣಬೇಕು ಎಂದು ನಾವು ಆಡುವುದಿಲ್ಲವೇ, ಹಾಗೆ. ಆ ಮಾತು ಮನಸ್ಸಿಗೆ ಬಂದದ್ದೇ ತಡ, ಚಹಾದ ಲೋಟದೊಳಗಿನ ಬೆರಳು ಕಣ್ಣ ಮುಂದೆ ಬಂತು. ಇವಳು ನೋಡಿ ಬಾರಿಸುತ್ತಿಲ್ಲ, ನೆನಪಿನಿಂದ ಬಾರಿಸುತ್ತಿದ್ದಾಳೆ.

“ಮೇಷ್ಟ್ರೇ, ಬೇರು ಇರ್ಲಿಲ್ಲ ಅಲ್ವಾ?” ಎಂದೆ.

“ಇಲ್ಲದ್ದಕ್ಕೂ ಬಾರಿಸ್ತಾರೆ ನಿಮ್ಮೋರು. ಅಭ್ಯಾಸ ಬಲ” ಎಂದು ಅವರು ಹಿಂತಿರುಗದೆ ನಕ್ಕರು.

ಮೂರನೇ ಸೇತುವೆಯ ಹತ್ತಿರ ದಾರಿಯ ಅಂಚಿನಲ್ಲಿ ಕೆಂಪು ಹಲಗೆ ನೆಟ್ಟಿದ್ದರು: ‘ಮುಂದೆ ದಡ ಅಗೆದಿದೆ, ದಾರಿ ಇಲ್ಲ.’ ಮರ ಕಡಿದವರದೇ ಕೆಲಸ ಇರಬೇಕು. ನಾನು ಗಂಟೆಗಾಗಿ ಕಿವಿ ನೆಟ್ಟೆ. ಬರಲಿಲ್ಲ. ಮುಂದಿನವರು ಒಬ್ಬೊಬ್ಬರಾಗಿ ಆ ಹಲಗೆಯನ್ನು ದಾಟಿ ಹೋದರು. ಒಬ್ಬಿಬ್ಬರು ಓದಿದ್ದೂ ಕಂಡಿತು. ಗಂಟೆ ಬರಲಿಲ್ಲವಲ್ಲ, ಗಂಟೆಯಮ್ಮನಿಗೆ ಗೊತ್ತಿರುತ್ತದೆ ಎಂದು ತುಳಿಯುತ್ತಲೇ ಹೋದರು.

“ನಿಲ್ಲಿ, ನಿಲ್ಲಿ!” ಎಂದು ಕೂಗಿದೆ. ಎದುರುಗಾಳಿ ಆ ಕೂಗನ್ನು ನನ್ನ ಬಾಯಿಗೇ ತುರುಕಿತು. ಮೂರು ಗಂಟೆ ಬಾರಿಸಿದೆ, ಮತ್ತೆ ಮೂರು, ಮತ್ತೆ ಮೂರು. ಮೇಷ್ಟ್ರು ಮಾತ್ರ ನಿಂತರು. “ಬಿದ್ರೇನಮ್ಮಾ?” ಎಂದರು. ಹಿಂದಿನಿಂದ ಬರುವ ಗಂಟೆಯನ್ನು ಮುಂದಕ್ಕೆ ದಾಟಿಸುವ ಕಾನೂನನ್ನು ನಾವು ಮಾಡಿರಲೇ ಇಲ್ಲ.

ದಾರಿ ಎರಡು ಮೊಳ ಅಗಲ. ಒಂದು ಬದಿ ಮುಳ್ಳುಬೇಲಿ, ಇನ್ನೊಂದು ಬದಿ ಅದೇ ಆ ನೀರು. ಮುಂದೆ ಹೋಗಬೇಕೆಂದರೆ ನೀರಿನ ಬದಿಯಿಂದಲೇ ದಾಟಬೇಕು. ನಾನು ದಾಟಿದೆ. ಧೈರ್ಯ ಎಂದು ಯಾರೂ ತಿಳಿಯಬೇಡಿ, ಹಲ್ಲು ಕಟಕಟ ಎನ್ನುತ್ತಿತ್ತು. ಚಕ್ರ ದಡದ ಹುಲ್ಲಿನ ಮೇಲೆ ಹೋಗುತ್ತಿತ್ತು, ಹುಲ್ಲಿನ ಕೆಳಗೆ ಏನೂ ಇರಲಿಲ್ಲ. ಪಕ್ಕದಲ್ಲಿ ನೀರು ನನ್ನ ಜೊತೆಗೇ ಕಪ್ಪಗೆ ಓಡಿ ಬರುತ್ತಿತ್ತು. ಹ್ಯಾಂಡಲಿಗೆ ಹ್ಯಾಂಡಲ್ ತಾಗಿ ಒಬ್ಬ ಹೆಂಗಸು “ಅಯ್ಯೋ ಅಜ್ಜಿ!” ಎಂದು ಬೇಲಿಗೆ ವಾಲಿದಳು. ಏಳು ಜನರನ್ನು ಹೇಗೆ ದಾಟಿದೆನೋ. “ಇಳೀರಿ, ಇಳೀರಿ” ಎಂದಷ್ಟೇ ನನ್ನ ಬಾಯಲ್ಲಿ ಬರುತ್ತಿತ್ತು.

ತಿರುವಿನಲ್ಲಿ ಅವಳ ಬೆನ್ನು ಕಂಡಿತು. ನೆಟ್ಟಗೆ ಕೂತು ತುಳಿಯುತ್ತಿದ್ದಳು. ಅವಳ ಮುಂದೆ ದಾರಿ ಮುಗಿದಿತ್ತು. ಅಗೆದ ಮಣ್ಣಿನ ಕೆಂಪು ಬಾಯಿ, ಅದರೊಳಗೆ ಕಾಲುವೆಯ ನೀರು ನುಗ್ಗಿ ಸುತ್ತುತ್ತಿತ್ತು.

“ನಿಲ್ಲೇ!” ಎಂದೆ. ಅವಳು ತಲೆ ತಿರುಗಿಸಿದಳು, ಕಾಲು ನಿಲ್ಲಿಸಲಿಲ್ಲ. ಕೈ ಚಾಚಿದೆ. ಸಿಕ್ಕಿದ್ದು ಜಡೆ. ಹಿಡಿದು ಬೇಲಿಯ ಕಡೆಗೆ ಬಿದ್ದೆ.

ಇಬ್ಬರೂ ಮುಳ್ಳಿನೊಳಗೆ. ಅವಳ ಸೈಕಲ್ ಗುಂಡಿಯ ಅಂಚಿನಲ್ಲಿ ಅಡ್ಡ ಬಿದ್ದು, ಮುಂದಿನ ಚಕ್ರ ನೀರಿನ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರ.

“ಯಾರದು?” ಎಂದಳು. “ಯಾರು? ಅಕ್ಕನಾ?”

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು ನನಗೆ.

ಸೈಕಲ್ ಇಳಿದವರು ತಳ್ಳಿಕೊಂಡು ಬರುವ ಸದ್ದಾಯಿತು. ಅವಳು ನನ್ನ ಕೈ ಹಿಂಡಿ, “ಅವರ ಮುಂದೆ ಹೇಳಬೇಡ ಅಕ್ಕಾ. ಹೇಳಿದ್ರೆ ನಾಳೆಯಿಂದ ನಾನು ಕಿಟಕಿ ಪಕ್ಕ ಕೂತಿರೋ ಮುದುಕಿ. ನನಗಿರೋದು ಇದೊಂದೇ” ಎಂದು ಪಿಸುಗುಟ್ಟಿದಳು.

“ಎಷ್ಟು ದಿನದಿಂದ?”

“ಎರಡು ವರ್ಷ. ನಡುವೆ ಮಸಿ ಮೆತ್ತಿದ ಹಾಗೆ. ಅಂಚು ಕಾಣುತ್ತೆ. ಒಂದು ಕಡೆ ಬೇಲಿ, ಒಂದು ಕಡೆ ನೀರಿನ ಹೊಳಪು. ಮಧ್ಯೆ ಹೋದ್ರಾಯ್ತು.”

ಎರಡು ವರ್ಷ! ಅಷ್ಟು ದಿನ, ಅಷ್ಟು ಜನ, ಮಕ್ಕಳಿದ್ದವರು, ಹೊಸದಾಗಿ ಮದುವೆಯಾದವರು, ಎಲ್ಲರೂ ಬಾತುಕೋಳಿ ನೋಡುತ್ತಾ ಇವಳ ಹಿಂದೆ! ನನಗೆ ಗುಂಡಿ ನೋಡಿ ಆದದ್ದಕ್ಕಿಂತ ಹೆಚ್ಚು ಭಯ ಆಗ ಆಯಿತು. ನನ್ನ ಜೀವ ಉಳಿಸಿದವಳು. ಹೇಳಿದರೆ ಅವಳ ಬದುಕು ಮುಗಿಯಿತು, ಹೇಳದಿದ್ದರೆ ಯಾರದೋ ಮುಗಿಯುತ್ತದೆ.

ಮೇಷ್ಟ್ರು ಗುಂಡಿ ನೋಡಿದರು, ನಮ್ಮನ್ನು ನೋಡಿದರು. “ಏನಮ್ಮಾ ಇದು, ಹಲಗೆ ನೋಡ್ಲಿಲ್ವಾ?”

ನಾನು ಬಾಯಿ ತೆರೆದೆ. ಏನು ಹೇಳಲಿದ್ದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ನನ್ನ ಕೈಯೊಳಗಿದ್ದ ಅವಳ ಕೈ ಸಡಿಲವಾಯಿತು.

“ನೋಡ್ಲಿಲ್ಲ ಮೇಷ್ಟ್ರೇ” ಎಂದಳು. “ನನಗೆ ಕಣ್ಣು ಕಾಣಲ್ಲ.”

ತಪ್ಪು ಹುಡುಕುವ ಮೇಷ್ಟ್ರು ಬಗ್ಗಿ, ಅವಳ ಸೈಕಲನ್ನು ಗುಂಡಿಯ ಅಂಚಿನಿಂದ ಎಳೆದು, ಕೆಸರು ಒರೆಸಿ ನಿಲ್ಲಿಸಿದರು. ಮನೆಯವರೆಗೆ ನಾವೆಲ್ಲ ನಡೆದೇ ಬಂದೆವು, ಏಳು ಮೈಲಿ. ನಾನು ಅವಳ ಮೊಣಕೈ ಹಿಡಿದು ನೀರಿನ ಬದಿಗೆ ನಡೆದೆ.

ಎರಡು ತಿಂಗಳು ಅಂಗಡಿ ತೆರೆಯಲಿಲ್ಲ. ಅವಳು ಹೇಳಿದ ಹಾಗೆಯೇ ಕಿಟಕಿಯ ಪಕ್ಕ ಕೂತಳು. ಅದನ್ನು ನೋಡಲಾಗದೆ ನಾನು ಅಟ್ಟದಿಂದ ಯಜಮಾನರು ಹಿಂದೆ ಜೋಡಿಸಿಟ್ಟಿದ್ದ, ಇಬ್ಬರು ತುಳಿಯುವ ಉದ್ದ ಸೈಕಲ್ ಇಳಿಸಿದೆ. ಗಂಟೆಯನ್ನು ಹಿಂದಿನ ಹ್ಯಾಂಡಲಿಗೆ ಕಟ್ಟಿದೆ.

“ಮುಂದೆ ಯಾರು ಕೂರ್ತಾರೆ?” ಎಂದಳು.

“ನಾನೇ.”

“ನೀನಾ! ಬಕೆಟ್ ನೀರಿಗೂ ಹೆದರೋಳು!”

ಈಗ ಮೂರು ವರ್ಷ. ನಾನು ನೋಡಿ ಹೇಳುತ್ತೇನೆ, ಅವಳು ಬಾರಿಸುತ್ತಾಳೆ. ಹಿಂದಿನಿಂದ ಬಂದ ಮೂರು ಗಂಟೆಯನ್ನು ಮುಂದಕ್ಕೆ ದಾಟಿಸುವುದನ್ನೂ ಕಾನೂನಿಗೆ ಸೇರಿಸಿದ್ದೇವೆ. ಬೇರಿದ್ದ ಜಾಗ ಬಂದಾಗ ಮಾತ್ರ ನಾನು ಏನೂ ಹೇಳದಿದ್ದರೂ ಅವಳು ಎರಡು ಬಾರಿಸಿಯೇ ತೀರುತ್ತಾಳೆ. ಮೂರನೇ ಸೇತುವೆ ದಾಟಿ ತಿರುವು ಬಂದರೆ ನನ್ನ ಎದೆ ಇಂದಿಗೂ ನಗಾರಿ. ಗುಂಡಿ ಮುಚ್ಚಿ, ಮೇಲೆ ಹುಲ್ಲು ಬೆಳೆದಿದೆ. ಆದರೂ ಆ ನೀರು ಸುಳಿ ತಿರುಗಿದ್ದು ಕಣ್ಣಿಗೆ ಕಟ್ಟುತ್ತದೆ.

“ಅಕ್ಕಾ, ಹ್ಯಾಂಡಲ್ ನಡುಗ್ತಾ ಇದೆ” ಎನ್ನುತ್ತಾಳೆ ಹಿಂದಿನಿಂದ.

“ನಡುಗಲಿ ಬಿಡೇ. ನೀನು ತುಳಿ.”